ಗ್ರಹಣದ ಗಣಿತವೂ ಮಳೆಯ ಗಣಿತವೂ

(ಹವಾಮಾನಶಾಸ್ತ್ರಜ್ಞ ಎಡ್ವರ್ಡ್ ಲೊರೆಂಜರ ಸಂಶೋಧನೆಯನ್ನು ಕುರಿತ ಉಪನ್ಯಾಸ)



ಯುಗಾದಿಯ ದಿನ ಊರವರೆಲ್ಲರೂ ಒಂದೆಡೆ ಕೂಡಿ ಪಂಚಾಂಗವನ್ನು ಕೇಳುವ ರೂಢಿಯು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿರುವುದಷ್ಟೆ. ಆ ಪಂಚಾಂಗದಲ್ಲಿ ಎರಡು ಬಗೆಯ ಭವಿಷ್ಯಗಳು ಒತ್ತೊತ್ತಿಗೆ ಅಚ್ಚಾಗಿರುತ್ತವೆ. ಒಂದು, ಗ್ರಹಣದ ಸ್ಪರ್ಶಕಾಲ, ಮಧ್ಯಕಾಲ, ಮೋಕ್ಷಕಾಲಗಳು. ಮತ್ತೊಂದು, ಆ ಸಂವತ್ಸರದಲ್ಲಿ ಸುರಿಯತಕ್ಕ ಮಳೆಯ ಕೊಳಗಗಳ ಲೆಕ್ಕ. ಗ್ರಹಣವು ಹೇಳಿದ ಗಳಿಗೆಗೆ ಹಿಡಿಯುತ್ತದೆ, ಹೇಳಿದ ಗಳಿಗೆಗೆ ಬಿಡುತ್ತದೆ, ಅದರಲ್ಲಿ ತಪ್ಪೆಂಬುದಿಲ್ಲ. ಮಳೆಯಾದರೋ ರೋಹಿಣಿಗೆ ಬರಬೇಕಾದುದು ಆರಿದ್ರೆಗೆ ಬರುತ್ತದೆ; ಆರಿದ್ರೆಗೆ ಬರಬೇಕಾದುದು ಬಾರದೆಯೇ ಹೋಗುತ್ತದೆ. ಒಂದು ಊರಿನ ಕೆರೆ ಕೋಡಿ ಬಿದ್ದ ದಿನವೇ ಎರಡು ಹರದಾರಿಯಾಚೆಯ ಊರಿನಲ್ಲಿ ಬಿತ್ತಿದ ಬೀಜವು ಮೊಳೆಯದೆ ಮಣ್ಣಿನಲ್ಲಿಯೇ ಸುಟ್ಟುಹೋಗುತ್ತದೆ. ಸಾಲ ತಂದು ಬಿತ್ತಿದವನಿಗೆ ಅದೇನು ಸಣ್ಣ ಮಾತಲ್ಲ.

ಇಲ್ಲಿ ವಿಚಾರವಂತರ ಮನಸ್ಸಿನಲ್ಲಿ ಒಂದು ಸಂದೇಹವು ಹುಟ್ಟುವುದು ಸಹಜ. ಸೂರ್ಯಚಂದ್ರರು ನಿಯಮಬದ್ಧರಾಗಿ ನಡೆಯುವರು. ಆದುದರಿಂದ ಅವರ ಗತಿಯನ್ನು ಗಣಿಸಬಹುದು. ಒಳ್ಳೆಯದು. ಆದರೆ ಗಾಳಿಯೂ ಮೋಡವೂ ನಿಯಮವನ್ನು ಮೀರಿದುವೇನು? ಕಾಯ್ದ ಗಾಳಿಯು ಮೇಲೇಳುತ್ತದೆ, ತಣಿದ ಆವಿಯು ಹನಿಗೂಡುತ್ತದೆ, ಒತ್ತಡ ಹೆಚ್ಚಾದ ಎಡೆಯಿಂದ ಕಡಮೆಯಾದ ಎಡೆಗೆ ವಾಯುವು ಸರಿಯುತ್ತದೆ. ಇವೆಲ್ಲವೂ ಚಂದ್ರನನ್ನು ನಡೆಯಿಸುವ ಚಲನೆಯ ನಿಯಮಗಳಿಗೇ ಒಳಪಟ್ಟವು. ಒಬ್ಬನೇ ಅರಸನ ಆಳ್ವಿಕೆಯಲ್ಲಿರುವ ಎರಡು ಊರುಗಳಲ್ಲಿ ಒಂದು ಕಂದಾಯವನ್ನು ಕಾಲಕ್ಕೆ ಸರಿಯಾಗಿ ಒಪ್ಪಿಸುತ್ತ, ಇನ್ನೊಂದು ವರುಷವರುಷವೂ ತಪ್ಪಿಸುತ್ತ ಬಂದರೆ ಅದಕ್ಕೊಂದು ಕಾರಣವಿರಲೇಬೇಕು.

ಈ ಸಂದೇಹಕ್ಕೆ ಪಾಶ್ಚಾತ್ಯ ಪಂಡಿತರು ನೂರೈವತ್ತು ವರುಷಗಳ ಕಾಲ ಕೊಟ್ಟುಕೊಂಡು ಬಂದ ಸಮಾಧಾನವು ಇದು: ವಾಯುಮಂಡಲವು ಬಹು ತೊಡಕಾದುದು, ನಮ್ಮ ಉಪಕರಣಗಳು ಕಡಮೆ, ಲೆಕ್ಕಿಗರೂ ಕಡಮೆ, ಇವು ಹೆಚ್ಚಿದ ದಿನ ಮಳೆಯನ್ನೂ ಗ್ರಹಣದಂತೆಯೇ ಗಣಿಸಬಹುದು. ಈ ಸಮಾಧಾನವು ಸರಿಯಲ್ಲವೆಂದೂ, ತೊಡಕು ಬೇರೊಂದು ಕಡೆ ಇದೆಯೆಂದೂ ತೋರಿಸಿಕೊಟ್ಟವರು ಅಮೇರಿಕದ ಎಡ್ವರ್ಡ್ ನಾರ್ಟನ್ ಲೊರೆಂಜರು. ಅವರು ಕಂಡುಹಿಡಿದುದನ್ನು ತಿಳಿಯಬೇಕಾದರೆ, ಅದಕ್ಕೆ ಮುಂಚೆ ಪಂಡಿತರ ನಂಬಿಕೆಯು ಎಷ್ಟು ಭದ್ರವಾಗಿದ್ದಿತೆಂಬುದನ್ನು ಮೊದಲು ನೋಡಬೇಕು.

ನ್ಯೂಟನ್ನನು ಚಲನೆಯ ನಿಯಮಗಳನ್ನೂ ಗುರುತ್ವಾಕರ್ಷಣದ ನಿಯಮವನ್ನೂ ೧೬೮೭ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಅವನ ಮಿತ್ರನಾದ ಹ್ಯಾಲಿಯು ಆ ನಿಯಮಗಳನ್ನು ಹಿಡಿದು, ೧೬೮೨ರಲ್ಲಿ ಕಂಡ ಧೂಮಕೇತುವು ೧೭೫೮ರ ಸುಮಾರಿಗೆ ಮರಳಿ ಬರುವುದೆಂದು ಲೆಕ್ಕಹಾಕಿ ಹೇಳಿ, ಅದನ್ನು ಕಾಣದೆಯೇ ಕಾಲವಾದನು. ಬಳಿಕ ಫ್ರಾನ್ಸಿನ ಕ್ಲೇರೋ ಎಂಬ ಗಣಿತಜ್ಞನು, ಗುರುಗ್ರಹವೂ ಶನಿಗ್ರಹವೂ ಆ ಧೂಮಕೇತುವನ್ನು ಎಳೆದು ತಡಮಾಡುವುವೆಂಬುದನ್ನು ಗಣಿಸಿ, ಅದು ೧೭೫೯ರ ಏಪ್ರಿಲ್ ನಡುವಿನಲ್ಲಿ ಸೂರ್ಯನ ಅತಿಸಮೀಪಕ್ಕೆ ಬರುವುದೆಂದೂ, ಲೆಕ್ಕದಲ್ಲಿ ಒಂದು ತಿಂಗಳ ವ್ಯತ್ಯಾಸವಿರಬಹುದೆಂದೂ ಸಾರಿದನು. ೧೭೫೮ರ ಡಿಸೆಂಬರ್ ೨೫ರಂದು ಅದನ್ನು ಮೊದಲು ಕಂಡವನು ಜರ್ಮನಿಯ ಡ್ರೆಸ್ಡೆನ್ ನಗರದ ಸಮೀಪದಲ್ಲಿದ್ದ ಪಾಲಿಟ್ಷ್ ಎಂಬ ಒಬ್ಬ ಒಕ್ಕಲಿಗನು. ಮರುವರ್ಷದ ಮಾರ್ಚ್ ೧೩ರಂದು ಅದು ಸೂರ್ಯನನ್ನು ಸುತ್ತಿಹೋಯಿತು. ಎಪ್ಪತ್ತಾರು ವರುಷಗಳ ಪ್ರಯಾಣದಲ್ಲಿ ತಪ್ಪಿದುದು ಒಂದು ತಿಂಗಳು ಮಾತ್ರ!

ಇಂತಹ ಜಯವನ್ನು ಕಂಡ ಮೇಲೆ ಫ್ರಾನ್ಸಿನ ಲಾಪ್ಲಾಸನು ೧೮೧೪ರಲ್ಲಿ ಧೈರ್ಯವಾಗಿ ಒಂದು ಸಿದ್ಧಾಂತವನ್ನು ಮುಂದಿಟ್ಟನು. ಜಗತ್ತಿನ ಪ್ರತಿಯೊಂದು ಕಣದ ಈಗಿನ ಸ್ಥಾನವನ್ನೂ ಅದರ ಮೇಲೆ ವರ್ತಿಸುವ ಬಲಗಳನ್ನೂ ಅರಿತ ಬುದ್ಧಿಯೊಂದು ಇದ್ದರೆ, ಅದಕ್ಕೆ ಹಿಂದಿನದು ಹೇಗೋ ಮುಂದಿನದೂ ಹಾಗೆಯೇ ಕಣ್ಣೆದುರಿಗೆ ಕಾಣುವುದೆಂಬುದು ಅದರ ತಾತ್ಪರ್ಯ. ಲಾಪ್ಲಾಸನ ಮಾತಿನಲ್ಲಿ ದೋಷವಿಲ್ಲ. ಆದರೆ ಅವನ ಮಾತನ್ನು ನಂಬಿದವರು ತಮಗರಿಯದೆಯೇ ಅದಕ್ಕೆ ಇನ್ನೊಂದನ್ನು ಸೇರಿಸಿಕೊಂಡರು. ಅದೆಂತೆಂದರೆ, ಈಗಿನ ಸ್ಥಿತಿಯನ್ನು ಸರಿಸುಮಾರಾಗಿ ಅರಿತರೆ ಮುಂದಿನ ಸ್ಥಿತಿಯನ್ನೂ ಸರಿಸುಮಾರಾಗಿ ಅರಿಯಬಹುದು. ಮೊದಲಿನಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೆ ಕೊನೆಯಲ್ಲಿಯೂ ಕೂದಲೆಳೆಯಷ್ಟೇ ತಪ್ಪಿರುವುದು. ಗ್ರಹಣದ ವಿಷಯದಲ್ಲಿ ಇದು ದಿಟ. ಚಂದ್ರನ ಸ್ಥಾನವನ್ನು ಅಳೆಯುವಲ್ಲಿ ಸ್ವಲ್ಪ ತಪ್ಪಿದರೆ ಗ್ರಹಣದ ಕಾಲವು ಸ್ವಲ್ಪ ತಪ್ಪುತ್ತದೆ, ಅಷ್ಟೇ. ಎಲ್ಲ ವಿಷಯಗಳಲ್ಲಿಯೂ ಹೀಗೆಯೇ ಎಂಬುದಕ್ಕೆ ಪ್ರಮಾಣವೇನು? ಫ್ರಾನ್ಸಿನವನೇ ಆದ ಪ್ವಾಂಕರೆ ಎಂಬ ಮಹಾಗಣಿತಜ್ಞನು ೧೯೦೮ರಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ, ಮೊದಲಿನ ಅತ್ಯಲ್ಪ ವ್ಯತ್ಯಾಸವು ಕೊನೆಯಲ್ಲಿ ಬಹು ದೊಡ್ಡ ವ್ಯತ್ಯಾಸವಾಗಬಹುದೆಂದು ಎಚ್ಚರಿಸಿ, ಮಳೆಗಾಳಿಗಳನ್ನೇ ಅದಕ್ಕೆ ಉದಾಹರಣೆಯಾಗಿ ಕೊಟ್ಟಿದ್ದನು. ಆ ಎಚ್ಚರಿಕೆಗೆ ಕಿವಿಗೊಟ್ಟವರು ವಿರಳ.

ಮಳೆಯನ್ನು ಗಣಿತದಿಂದ ಹಿಡಿಯಲು ಮೊದಲು ಸೊಂಟಕಟ್ಟಿದವನು ಇಂಗ್ಲೆಂಡಿನ ರಿಚರ್ಡ್‌ಸನ್. ಮೊದಲನೆಯ ಮಹಾಯುದ್ಧದಲ್ಲಿ ಅವನು ಫ್ರಾನ್ಸಿನ ರಣರಂಗದಲ್ಲಿ ಗಾಯಾಳುಗಳನ್ನು ಸಾಗಿಸುವ ಬಂಡಿಯ ಕೆಲಸದಲ್ಲಿದ್ದು, ಬಿಡುವಿನ ವೇಳೆಯಲ್ಲಿ ೧೯೧೦ರ ಮೇ ೨೦ರ ಒಂದು ದಿನದ ಹವೆಯನ್ನು ಹಿಂದಿನ ಅಳತೆಗಳಿಂದ ಲೆಕ್ಕಹಾಕಿ ನೋಡಿದನು. ಕದನದ ಗಲಭೆಯಲ್ಲಿ ಆ ಹಸ್ತಪ್ರತಿಯು ಕಳೆದುಹೋಗಿ, ಕೆಲವು ತಿಂಗಳ ಮೇಲೆ ಬೆಲ್ಜಿಯಮ್ ದೇಶದಲ್ಲಿ ಕಲ್ಲಿದ್ದಲ ರಾಶಿಯೊಂದರ ಕೆಳಗೆ ಸಿಕ್ಕಿತಂತೆ. ಆರು ಗಂಟೆಗಳಲ್ಲಿ ವಾಯುವಿನ ಒತ್ತಡವು ೧೪೫ ಮಿಲಿಬಾರುಗಳಷ್ಟು ಏರುವುದೆಂದು ಅವನ ಲೆಕ್ಕವು ಹೇಳಿತು. ಆ ದಿನ ಒತ್ತಡವು ಬಹುಮಟ್ಟಿಗೆ ಅಲುಗದೆ ನಿಂತಿದ್ದಿತು. ಅವನು ಈ ಸೋಲನ್ನು ಮುಚ್ಚಿಡದೆ ೧೯೨೨ರಲ್ಲಿ ಗ್ರಂಥದಲ್ಲಿ ಅಚ್ಚುಮಾಡಿಸಿದನು. ಅದೇ ಗ್ರಂಥದಲ್ಲಿ, ೬೪,೦೦೦ ಮಂದಿ ಲೆಕ್ಕಿಗರು ಒಂದು ದೊಡ್ಡ ಮಂದಿರದಲ್ಲಿ ಕುಳಿತು ಗಣಿಸಿದರೆ ಹವೆಯ ಓಟಕ್ಕೆ ಸಮನಾಗಿ ಲೆಕ್ಕವೂ ಓಡಬಹುದೆಂದು ಬರೆದನು. ಅಷ್ಟು ಮಂದಿ ಲೆಕ್ಕಿಗರ ಕೆಲಸವನ್ನು ಮಾಡಬಲ್ಲ ಯಂತ್ರಗಳು ಎರಡನೆಯ ಮಹಾಯುದ್ಧದ ಬಳಿಕ ಬಂದುವು. ೧೯೫೦ರಲ್ಲಿ ಚಾರ್ನಿ, ಫ್ಯೋರ್ಟಾಫ್ಟ್, ಫಾನ್ ನಾಯ್ಮನ್ ಎಂಬವರು ಎನಿಯಾಕ್ ಎಂಬ ಗಣಕಯಂತ್ರದಿಂದ ಇಪ್ಪತ್ತನಾಲ್ಕು ಗಂಟೆಗಳ ಮುನ್ಸೂಚನೆಯನ್ನು ಪಡೆದರು. ಅದನ್ನು ಪಡೆಯಲು ಹಿಡಿದ ಕಾಲವೂ ಹೆಚ್ಚುಕಡಮೆ ಇಪ್ಪತ್ತನಾಲ್ಕು ಗಂಟೆಗಳೇ! ಆದರೂ ದಾರಿಯೇನೋ ತೆರೆಯಿತು. ಇನ್ನು ಯಂತ್ರವು ದೊಡ್ಡದಾಗುತ್ತ ಹೋದಂತೆ ಒಂದು ದಿನವು ಹತ್ತು ದಿನ, ಹತ್ತು ದಿನವು ಒಂದು ತಿಂಗಳು, ಒಂದು ತಿಂಗಳು ಒಂದು ವರುಷವಾಗುವುದೆಂದು ಅನೇಕರು ಎಣಿಸಿದರು.

ಇಂತಹ ಉತ್ಸಾಹದ ಕಾಲದಲ್ಲಿ ಲೊರೆಂಜರು ಕೆಲಸಕ್ಕೆ ತೊಡಗಿದುದು. ಅವರು ೧೯೧೭ರ ಮೇ ೨೩ರಂದು ಅಮೇರಿಕದ ಕನೆಕ್ಟಿಕಟ್ ಪ್ರಾಂತದ ವೆಸ್ಟ್ ಹಾರ್ಟ್‌ಫರ್ಡಿನಲ್ಲಿ ಜನಿಸಿದರು. ತಂದೆಯವರು ಯಂತ್ರಶಿಲ್ಪಿಗಳು, ತಾಯಿಯವರಿಗೆ ಚದುರಂಗದಲ್ಲಿ ಆಸಕ್ತಿ. ಹುಡುಗನಿಗೆ ಅಂಕಿಗಳೊಡನೆ ಆಡುವುದೂ, ಆಕಾಶದ ಬದಲಾವಣೆಗಳನ್ನು ನೋಡುವುದೂ ಎರಡೂ ಪ್ರಿಯವಾಗಿದ್ದುವು. ಡಾರ್ಟ್‌ಮತ್ ಕಾಲೇಜಿನಲ್ಲಿಯೂ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿಯೂ ಶುದ್ಧಗಣಿತವನ್ನು ಅಭ್ಯಾಸಮಾಡುತ್ತಿರುವಾಗ ಎರಡನೆಯ ಮಹಾಯುದ್ಧವು ಒದಗಿತು. ಸೈನ್ಯದ ವಿಮಾನದಳಕ್ಕೆ ಹವೆಯನ್ನು ಹೇಳುವವರು ಬೇಕಾಗಿದ್ದರು. ಲೊರೆಂಜರು ಆ ವಿದ್ಯೆಯನ್ನು ಕಲಿತು ಪ್ರಶಾಂತಸಾಗರದ ಸೈಪಾನ್, ಓಕಿನಾವಾ ದ್ವೀಪಗಳಲ್ಲಿ ವಿಮಾನಗಳಿಗೆ ಮುನ್ಸೂಚನೆ ಕೊಡುವ ಕೆಲಸವನ್ನು ಮಾಡಿದರು. ಹೇಳಿದುದು ತಪ್ಪಿದರೆ ಹಾರಿಹೋದವರು ಮರಳಿ ಬಾರದಿರಬಹುದಾದ ಕೆಲಸವದು. ಯುದ್ಧವು ಮುಗಿದ ಮೇಲೆ ಅವರು ಗಣಿತಕ್ಕೆ ಮರಳದೆ ಹವಾಮಾನಶಾಸ್ತ್ರವನ್ನೇ ಹಿಡಿದು, ೧೯೪೮ರಲ್ಲಿ ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಿಂದ ಡಾಕ್ಟರ್ ಪದವಿಯನ್ನು ಪಡೆದು, ಕಡೆಯವರೆಗೂ ಆ ಸಂಸ್ಥೆಯಲ್ಲಿಯೇ ನೆಲಸಿದರು.

ಆಗ ಹವೆಯನ್ನು ಹೇಳುವವರಲ್ಲಿ ಎರಡು ಪಂಗಡಗಳಿದ್ದುವು. ಚಲನೆಯ ನಿಯಮಗಳಿಂದ ಹೆಜ್ಜೆಹೆಜ್ಜೆಯಾಗಿ ಲೆಕ್ಕಹಾಕಬೇಕೆಂಬುದು ಒಂದು ಪಂಗಡದ ಮತ. ಅಷ್ಟು ಶ್ರಮವೇಕೆ, ಹಿಂದಿನ ಹವೆಯ ದಾಖಲೆಗಳಿಂದ ಸರಾಸರಿಯ ಸೂತ್ರಗಳನ್ನು ಮಾಡಿಕೊಂಡರೆ ಅಷ್ಟೇ ಫಲ ದೊರೆಯುವುದೆಂಬುದು ಇನ್ನೊಂದು ಪಂಗಡದ ಮತ. ಲೊರೆಂಜರಿಗೆ ಎರಡನೆಯದರಲ್ಲಿ ನಂಬಿಕೆ ಸಾಲದು. ಆದರೂ ವಾದದಿಂದ ತೀರ್ಮಾನಿಸುವ ವಿಷಯವಲ್ಲವೆಂದು, ಅವರು ಹನ್ನೆರಡು ಸಮೀಕರಣಗಳುಳ್ಳ ಒಂದು ಪುಟ್ಟ ಕೃತಕ ವಾಯುಮಂಡಲವನ್ನು ಕಲ್ಪಿಸಿದರು. ಅದರಲ್ಲಿ ಬೆಟ್ಟವಿಲ್ಲ, ಕಡಲಿಲ್ಲ. ಗಾಳಿಯೂ ಬಿಸಿಯೂ ಮಾತ್ರ. ಆ ಕೃತಕ ಹವೆಯು ಒಮ್ಮೆ ಆದಂತೆ ಮತ್ತೊಮ್ಮೆ ಆಗದಿರಬೇಕೆಂಬುದು ಅವರ ಬಯಕೆ. ಮರುಕಳಿಸುವ ಹವೆಯಾದರೆ ಯಾವ ಸೂತ್ರದಿಂದಾದರೂ ಅದನ್ನು ಹೇಳಿಬಿಡಬಹುದಷ್ಟೆ. ಬಹಳ ತೊಡಕುಪಟ್ಟ ಮೇಲೆ ಅಂತಹ ಸಮೀಕರಣಗಳು ಕೈಗೂಡಿದುವು. ಲೆಕ್ಕಹಾಕಲು ಅವರ ಕೊಠಡಿಯಲ್ಲಿ ಎಲ್‌ಜಿಪಿ-೩೦ ಎಂಬ, ನಿರ್ವಾತ ಕೊಳವೆಗಳುಳ್ಳ, ಬಹಳ ಸದ್ದುಮಾಡುವ ಒಂದು ಗಣಕವಿದ್ದಿತು. ಅದು ಒಂದು ನಿಮಿಷಕ್ಕೆ ಒಂದು ದಿನದ ಕೃತಕ ಹವೆಯನ್ನು ಗಣಿಸಿ, ಕಾಗದದ ಮೇಲೆ ಅಂಕಿಗಳ ಸಾಲುಗಳನ್ನು ಒತ್ತುತ್ತಿದ್ದಿತು.

೧೯೬೧ರಲ್ಲಿ ಒಂದು ದಿನ ಲೊರೆಂಜರು ಹಿಂದಿನ ಗಣನೆಯೊಂದನ್ನು ಇನ್ನಷ್ಟು ದೀರ್ಘವಾಗಿ ನೋಡಬೇಕೆಂದುಕೊಂಡರು. ಮೊದಲಿನಿಂದ ಆರಂಭಿಸಿದರೆ ಕಾಲಹರಣವೆಂದು, ಹಿಂದೆ ಅಚ್ಚಾಗಿದ್ದ ಕಾಗದದಿಂದ ನಡುವಿನ ಒಂದು ಸಾಲನ್ನು ನೋಡಿ, ಆ ಅಂಕಿಗಳನ್ನೇ ಯಂತ್ರಕ್ಕೆ ಒಪ್ಪಿಸಿ, ಕಾಫಿ ಕುಡಿಯಲು ಹೊರಗೆ ಹೋದರು. ಒಂದು ಗಂಟೆಯ ಮೇಲೆ ಮರಳಿ ಬಂದು ನೋಡಲು, ಯಂತ್ರವು ಎರಡು ತಿಂಗಳ ಹವೆಯನ್ನು ಗಣಿಸಿ ಮುಗಿಸಿದ್ದಿತು. ಆದರೆ ಹಿಂದಿನ ಗಣನೆಗೂ ಇದಕ್ಕೂ ಸಂಬಂಧವೇ ಇಲ್ಲ! ಅದೇ ಯಂತ್ರ, ಅದೇ ಸಮೀಕರಣ, ಅದೇ ಆರಂಭ. ಫಲ ಮಾತ್ರ ಬೇರೆ. ಯಂತ್ರದ ಕೊಳವೆಯೊಂದು ಕೆಟ್ಟಿರಬೇಕೆಂದೇ ಅವರು ಮೊದಲು ಶಂಕಿಸಿದರು. ಆ ಯಂತ್ರಕ್ಕೆ ಅದು ಅಪರೂಪದ ರೋಗವೇನೂ ಅಲ್ಲ. ದುರಸ್ತಿಗೆ ಹೇಳಿಕಳುಹಿಸುವುದಕ್ಕೆ ಮುಂಚೆ, ತಪ್ಪು ಎಲ್ಲಿಂದ ಹೊರಟಿತೆಂಬುದನ್ನು ನೋಡೋಣವೆಂದು ಎರಡು ಕಾಗದಗಳನ್ನೂ ಪಕ್ಕಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸಿದರು. ಮೊದಮೊದಲು ಎರಡೂ ಒಂದೇ. ಬಳಿಕ ಕೊನೆಯ ಅಂಕಿಯಲ್ಲಿ ಒಂದರ ವ್ಯತ್ಯಾಸ. ಇನ್ನೂ ಕೆಳಗೆ ಅದರ ಹಿಂದಿನ ಅಂಕಿಯಲ್ಲಿ ವ್ಯತ್ಯಾಸ. ಕೆಟ್ಟ ಯಂತ್ರವು ಹೀಗೆ ಕ್ರಮವಾಗಿ, ಒಂದು ಲೆಕ್ಕದಂತೆ ಕೆಡುವುದಿಲ್ಲ.

ಕಾರಣವು ಆಗ ಹೊಳೆಯಿತು. ಯಂತ್ರವು ತನ್ನೊಳಗೆ ದಶಾಂಶದ ಆರು ಸ್ಥಾನಗಳವರೆಗೆ ಲೆಕ್ಕವನ್ನು ಇಟ್ಟುಕೊಳ್ಳುತ್ತಿದ್ದಿತು. ಕಾಗದದ ಮೇಲೆ ಸ್ಥಳವನ್ನುಳಿಸಲು ಮೂರೇ ಸ್ಥಾನಗಳನ್ನು ಒತ್ತುತ್ತಿದ್ದಿತು. ಒಳಗಿದ್ದುದು ೦.೫೦೬೧೨೭; ಲೊರೆಂಜರು ಕಾಗದವನ್ನು ನೋಡಿ ಒಪ್ಪಿಸಿದುದು ೦.೫೦೬. ಬಿಟ್ಟುಹೋದ ಭಾಗವು ಇಡೀ ಅಂಕಿಯ ನಾಲ್ಕು ಸಾವಿರದಲ್ಲಿ ಒಂದು ಪಾಲು. ಆ ಪಾಲು ನಾಲ್ಕು ನಾಲ್ಕು ದಿನಗಳಿಗೊಮ್ಮೆ ಇಮ್ಮಡಿಯಾಗುತ್ತ ಹೋಯಿತು. ಚದುರಂಗದ ಮಣೆಯ ಮೇಲೆ ಒಂದು, ಎರಡು, ನಾಲ್ಕು, ಎಂಟು ಎಂದು ಕಾಳುಗಳನ್ನಿಡುತ್ತ ಹೋಗಿ ಅರಸನ ಕಣಜವನ್ನೇ ಬರಿದುಮಾಡಿದವನ ಕಥೆಯನ್ನು ಕೇಳದವರಾರು? ಒಂದು ಕಾಳು ಹನ್ನೆರಡು ಸಲ ಇಮ್ಮಡಿಸಿದರೆ ೪,೦೯೬ ಆಗುವುದು. ಹನ್ನೆರಡು ಸಲಕ್ಕೆ ನಾಲ್ಕು ದಿನಗಳಂತೆ ನಲವತ್ತೆಂಟು ದಿನ. ಎರಡನೆಯ ತಿಂಗಳಿನಲ್ಲಿ ಎರಡು ಹವೆಗಳಿಗೂ ಹೋಲಿಕೆಯೇ ಇಲ್ಲದಂತಾದುದು ಈ ಲೆಕ್ಕಕ್ಕೆ ಸರಿಯಾಗಿಯೇ ಇದೆ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗುವುದು ಉಚಿತವಲ್ಲ. ಇಂತಹ ಎಡವಟ್ಟು ಬೇರೆ ಗಣಕಗಳ ಮುಂದೆ ಬೇರೆಯವರಿಗೂ ಆಗಿರಬಹುದು. ಅಂಕಿಯನ್ನು ಪೂರ್ತಿಯಾಗಿ ಒಪ್ಪಿಸಿ, ಫಲವು ಸರಿಬಂದಿತೆಂದು ಸಂತೋಷಪಟ್ಟು, ಆ ಕಾಗದವನ್ನು ಹರಿದೆಸೆಯುವುದು ಮನುಷ್ಯಸ್ವಭಾವ. ಲೊರೆಂಜರು ಹಾಗೆ ಮಾಡದೆ ಮುಂದಿನ ಪ್ರಶ್ನೆಯನ್ನು ಕೇಳಿಕೊಂಡರು. ನಿಜವಾದ ವಾಯುಮಂಡಲವೂ ಹೀಗೆಯೇ ಇದ್ದರೆ ಗತಿಯೇನು? ಸಾವಿರದಲ್ಲೊಂದು ಪಾಲಿನವರೆಗೆ ಗಾಳಿಯ ವೇಗವನ್ನು ಅಳೆಯುವ ಉಪಕರಣವು ಯಾರಲ್ಲಿದೆ? ಇದ್ದರೂ, ಅಳೆಯುವವರಿಲ್ಲದ ಕಡಲಿನ ಮೇಲೆ, ಕಾಡಿನ ಮೇಲೆ, ಮುಗಿಲಿನ ಒಳಗೆ ಅದನ್ನು ಯಾರು ಇಟ್ಟಿದ್ದಾರೆ? ಅಳತೆಯಲ್ಲಿ ಏನಾದರೂ ಒಂದು ಕೊರತೆ ಇದ್ದೇ ಇರುವುದು. ಅದು ಬೆಳೆದೇ ಬೆಳೆಯುವುದು. ಹಾಗಾದಲ್ಲಿ ಬಹುದೂರದ ದಿನದ ಹವೆಯನ್ನು ಗ್ರಹಣದಂತೆ ಹೇಳುವುದು ಎಂದಿಗೂ ಸಾಧ್ಯವಾಗಲಾರದು.

ಹನ್ನೆರಡು ಸಮೀಕರಣಗಳಿಂದ ಮನವರಿಕೆಯಾಗದವರಿಗೆ ಇನ್ನೂ ಸರಳವಾದ ಉದಾಹರಣೆ ಬೇಕಾಗಿದ್ದಿತು. ಬ್ಯಾರಿ ಸಾಲ್ಟ್‌ಜ್‌ಮನ್ ಎಂಬ ಇನ್ನೊಬ್ಬ ಹವಾಮಾನಶಾಸ್ತ್ರಜ್ಞರು, ಕೆಳಗಿನಿಂದ ಕಾಯಿಸಿದ ದ್ರವವು ಮೇಲೆದ್ದು ಕೆಳಗಿಳಿದು ಸುತ್ತುವುದನ್ನು ಏಳು ಸಮೀಕರಣಗಳಲ್ಲಿ ಅಡಗಿಸಿದ್ದರು. ಒಲೆಯ ಮೇಲೆ ನೀರಿಟ್ಟ ತಾಯಂದಿರೆಲ್ಲರೂ ಬಲ್ಲ ಸಂಗತಿಯದು. ಆ ಏಳರಲ್ಲಿ ನಾಲ್ಕು ರಾಶಿಗಳು ತಾವಾಗಿಯೇ ಅಳಿದುಹೋಗಿ ಮೂರು ಮಾತ್ರ ನಿಲ್ಲದೆ ಆಡುತ್ತಿದ್ದುದನ್ನು ಲೊರೆಂಜರು ಗಮನಿಸಿ, ಆ ಮೂರನ್ನೇ ಇಟ್ಟುಕೊಂಡರು. ಒಂದು ಪುಟದ ಮೂಲೆಯಲ್ಲಿ ಬರೆಯಬಹುದಾದ ಮೂರು ಸಮೀಕರಣಗಳು. ಅವುಗಳ ಗತಿಯನ್ನು ಚಿತ್ರವಾಗಿ ಬರೆದರೆ ಒಂದು ಬಿಂದುವು ಎಡಗಡೆ ಕೆಲವು ಸುತ್ತು ಸುತ್ತಿ, ಬಲಗಡೆಗೆ ದಾಟಿ ಅಲ್ಲಿ ಕೆಲವು ಸುತ್ತು ಸುತ್ತಿ, ಮತ್ತೆ ಎಡಕ್ಕೆ ಬರುತ್ತದೆ. ಎಷ್ಟು ಸುತ್ತಿನ ಮೇಲೆ ದಾಟುವುದೆಂಬುದಕ್ಕೆ ಕಟ್ಟಳೆಯಿಲ್ಲ. ಒಮ್ಮೆ ಹೋದ ಜಾಡಿನಲ್ಲಿ ಅದು ಮತ್ತೊಮ್ಮೆ ಹೋಗುವುದಿಲ್ಲ. ಹಾಗೆಂದು ಅದು ಆ ಎರಡು ರೆಕ್ಕೆಗಳ ಆಕಾರವನ್ನು ಬಿಟ್ಟು ಎಲ್ಲೆಂದರಲ್ಲಿ ಅಲೆಯುವುದೂ ಇಲ್ಲ. ಕಟ್ಟುನಿಟ್ಟಾದ ನಿಯಮವುಂಟು, ಸ್ಪಷ್ಟವಾದ ಆಕಾರವೂ ಉಂಟು. ಮುಂದೆ ಎಲ್ಲಿರುವುದೆಂಬುದನ್ನು ಮಾತ್ರ ಬಹುದೂರದವರೆಗೆ ಹೇಳಲಾಗದು. ನಿಯಮವಿದ್ದಲ್ಲಿ ಮುನ್ನರಿವೂ ಇರಲೇಬೇಕೆಂಬ ಹಳೆಯ ನಂಬಿಕೆಯನ್ನು ಬೀಳಿಸಲು ಈ ಮೂರು ಸಾಲುಗಳು ಸಾಕಾದುವು.

ಈ ಲೇಖನವು ೧೯೬೩ರ ಮಾರ್ಚ್ ತಿಂಗಳಲ್ಲಿ ಅಮೇರಿಕದ ವಾಯುಮಂಡಲವಿಜ್ಞಾನದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಇದರ ಗಣನೆಗಳನ್ನು ಯಂತ್ರದಲ್ಲಿ ನಡೆಯಿಸಿದವರು ಎಲೆನ್ ಫೆಟ್ಟರ್ ಎಂಬ ತರುಣಿ. ಅವರಿಗೆ ಮುಂಚೆ ಅದೇ ಯಂತ್ರದ ಕೆಲಸವನ್ನು ನೋಡಿಕೊಂಡಿದ್ದವರು ಮಾರ್ಗರೆಟ್ ಹ್ಯಾಮಿಲ್ಟನ್. ಮನುಷ್ಯನನ್ನು ಚಂದ್ರನ ಮೇಲಿಳಿಸಿದ ಅಪೊಲೊ ನೌಕೆಗಳ ಗಣಕಕ್ಕೆ ಆದೇಶಗಳನ್ನು ಬರೆದ ತಂಡಕ್ಕೆ ಮುಂದೆ ಮುಖ್ಯಸ್ಥೆಯಾದವರು ಅವರೇ. ಲೊರೆಂಜರು ಲೇಖನದ ಕೊನೆಯಲ್ಲಿ ಫೆಟ್ಟರರ ಹೆಸರನ್ನು ಹೇಳಿ ವಂದಿಸಿದ್ದಾರೆ. ಆದರೂ ಈ ಇಬ್ಬರು ಸ್ತ್ರೀಯರ ಶ್ರಮವನ್ನು ಲೋಕವು ಬಹುಕಾಲ ಮರೆತಿದ್ದಿತು.

ಲೇಖನಕ್ಕೂ ಹತ್ತು ವರುಷ ಅದೇ ಗತಿ. ಹವೆಯವರ ಪತ್ರಿಕೆಯನ್ನು ಗಣಿತದವರು ಓದುತ್ತಿರಲಿಲ್ಲ. ಹವೆಯವರಿಗೆ ಅದು ಶುದ್ಧಗಣಿತವಾಗಿ ಕಂಡಿತು. ೧೯೭೨ರಲ್ಲಿ ಜೇಮ್ಸ್ ಯಾರ್ಕ್ ಎಂಬ ಗಣಿತಜ್ಞರ ಕೈಗೆ ಅದರ ಪ್ರತಿಯೊಂದು ಸಿಕ್ಕಿ, ಅವರು ಅದನ್ನು ಬಲ್ಲವರಿಗೆಲ್ಲ ಹಂಚಿದರು. ೧೯೭೫ರಲ್ಲಿ ಯಾರ್ಕರೂ ಲೀ ಎಂಬವರೂ ಬರೆದ ಲೇಖನದಿಂದ ಈ ವಿದ್ಯೆಗೆ ‘ಕೇಯಾಸ್’ ಎಂಬ ಹೆಸರು ನಿಂತಿತು. ಆ ಮಾತಿಗೆ ಅವ್ಯವಸ್ಥೆಯೆಂದು ಅರ್ಥ. ಹೆಸರು ಅಷ್ಟು ಸರಿಯಾದುದಲ್ಲವೆಂದೇ ಹೇಳಬೇಕು. ಇಲ್ಲಿ ವ್ಯವಸ್ಥೆಗೆ ಕೊರತೆಯಿಲ್ಲ, ಕೊರತೆಯಿರುವುದು ನಮ್ಮ ಅಳತೆಗೆ. ಲೊರೆಂಜರ ಚಿತ್ರವು ಯಂತ್ರದ ಭ್ರಮೆಯಲ್ಲ, ಆ ಸಮೀಕರಣಗಳಲ್ಲಿ ನಿಜವಾಗಿಯೂ ಇರುವುದೆಂಬುದಕ್ಕೆ ಗಣಿತದ ಪೂರ್ಣ ಪ್ರಮಾಣವು ವಾರ್ವಿಕ್ ಟಕ್ಕರ್ ಎಂಬವರಿಂದ ೧೯೯೯ರಲ್ಲಿ ದೊರೆಯಿತು.

ಈಗ ಚಿಟ್ಟೆಯ ಮಾತು. ಇದು ಲೋಕಪ್ರಸಿದ್ಧವಾಗಿರುವುದರಿಂದಲೂ, ಬಹುಮಟ್ಟಿಗೆ ತಪ್ಪಾಗಿಯೇ ಪ್ರಸಿದ್ಧವಾಗಿರುವುದರಿಂದಲೂ ಸ್ವಲ್ಪ ನಿಂತು ನೋಡತಕ್ಕುದಾಗಿದೆ. ಲೊರೆಂಜರ ಸಿದ್ಧಾಂತವು ದಿಟವಾದರೆ ಕಡಲಹಕ್ಕಿಯೊಂದು ಒಮ್ಮೆ ರೆಕ್ಕೆ ಬಡಿದರೂ ಲೋಕದ ಹವೆಯು ಎಂದೆಂದಿಗೂ ಬೇರೆಯಾಗುವುದೆಂದು ಹವಾಮಾನಶಾಸ್ತ್ರಜ್ಞರೊಬ್ಬರು ಮೊದಲು ಆಕ್ಷೇಪಿಸಿದ್ದರು. ೧೯೭೨ರ ಡಿಸೆಂಬರ್ ೨೯ರಂದು ವಾಷಿಂಗ್ಟನ್ ನಗರದ ವಿಜ್ಞಾನಸಭೆಯಲ್ಲಿ ಲೊರೆಂಜರು ಉಪನ್ಯಾಸ ಮಾಡಬೇಕಾಗಿದ್ದಾಗ, ಶೀರ್ಷಿಕೆಯು ತಲುಪದಿರಲು, ಫಿಲಿಪ್ ಮೆರಿಲೀಸ್ ಎಂಬ ಸಂಚಾಲಕರು ತಾವೇ ಒಂದನ್ನು ಕೊಟ್ಟರು: ಬ್ರೆಜಿಲ್ ದೇಶದಲ್ಲಿ ಚಿಟ್ಟೆಯೊಂದು ರೆಕ್ಕೆ ಬಡಿದರೆ ಟೆಕ್ಸಸ್ಸಿನಲ್ಲಿ ಸುಂಟರಗಾಳಿ ಏಳುವುದೇ ಎಂಬುದು ಅದರ ಅರ್ಥ. ಹಕ್ಕಿಯು ಹೋಗಿ ಚಿಟ್ಟೆಯಾಯಿತು. ಕೇಳಿದವರು ಪ್ರಶ್ನೆಯನ್ನೇ ಉತ್ತರವೆಂದು ತಿಳಿದು, ಚಿಟ್ಟೆಯೇ ಬಿರುಗಾಳಿಯನ್ನು ಎಬ್ಬಿಸುತ್ತದೆಂದು ಹೇಳತೊಡಗಿದರು. ಲೊರೆಂಜರು ಹೇಳಿದುದು ಅದಲ್ಲ. ಒಂದು ಚಿಟ್ಟೆಯ ರೆಕ್ಕೆಯಿಂದ ಸುಂಟರಗಾಳಿ ಹುಟ್ಟಬಹುದಾದರೆ, ಹುಟ್ಟಲಿದ್ದ ಸುಂಟರಗಾಳಿಯು ಅದರಿಂದಲೇ ಹುಟ್ಟದೆಯೂ ಹೋಗಬಹುದು. ಆ ಚಿಟ್ಟೆಯೊಡನೆ ಲೋಕದಲ್ಲಿ ಇನ್ನೆಷ್ಟು ಚಿಟ್ಟೆಗಳಿವೆ, ಅವುಗಳಿಗಿಂತ ಬಲವಾಗಿ ಗಾಳಿಯನ್ನು ಕದಲಿಸುವ ಪ್ರಾಣಿಗಳೆಷ್ಟಿವೆ! ಮನುಷ್ಯನೂ ಅವುಗಳಲ್ಲೊಬ್ಬನು. ಆದುದರಿಂದ ಯಾವುದು ಕಾರಣವೆಂದು ಬೆರಳುಮಾಡಿ ತೋರಿಸುವಂತಿಲ್ಲ. ಅಲ್ಲದೆ, ವರುಷಗಳ ಮೇಲೆ ನೋಡಿದರೆ ಇಂತಹ ಅಲ್ಪ ಕದಲಿಕೆಗಳಿಂದ ಸುಂಟರಗಾಳಿಗಳ ಸಂಖ್ಯೆಯು ಹೆಚ್ಚುವುದೂ ಇಲ್ಲ, ಕಡಮೆಯಾಗುವುದೂ ಇಲ್ಲ. ಅವು ಬರುವ ಕ್ರಮವು ಮಾತ್ರ ಬೇರೆಯಾಗುವುದು.

ಹಾಗಾದರೆ ಎಷ್ಟು ದಿನಗಳವರೆಗೆ ಹೇಳಬಹುದು? ಈ ಪ್ರಶ್ನೆಗೆ ಲೊರೆಂಜರು ೧೯೬೯ರಲ್ಲಿ ಕೊಟ್ಟ ಉತ್ತರವು ಅವರ ಮೊದಲಿನ ಶೋಧಕ್ಕಿಂತಲೂ ಗಹನವಾದುದೆಂದು ಬಲ್ಲವರು ಎಣಿಸುತ್ತಾರೆ. ತಪ್ಪು ಇಮ್ಮಡಿಯಾಗಲು ಎರಡೋ ಮೂರೋ ದಿನ ಹಿಡಿಯುವುದಾದರೆ, ಮೊದಲಿನ ತಪ್ಪನ್ನು ಅರ್ಧಕ್ಕಿಳಿಸಿ ಎರಡು ಮೂರು ದಿನಗಳನ್ನು ಗಳಿಸಬಹುದು. ಮತ್ತೆ ಅರ್ಧಕ್ಕಿಳಿಸಿ ಮತ್ತಷ್ಟು ದಿನಗಳನ್ನು ಗಳಿಸಬಹುದು. ಹೀಗೆ ಹಣ ಸುರಿದಷ್ಟೂ ದಿನಗಳು ಬೆಳೆಯಬೇಕಲ್ಲವೆ? ಬೆಳೆಯುವುದಿಲ್ಲ. ದೊಡ್ಡ ಸುಳಿಗಳಲ್ಲಿಯ ತಪ್ಪು ದಿನಗಳಲ್ಲಿ ಇಮ್ಮಡಿಯಾದರೆ, ಒಂದೊಂದು ಮೋಡದಷ್ಟು ಗಾತ್ರದ ಸುಳಿಯಲ್ಲಿಯ ತಪ್ಪು ಗಂಟೆಯೊಳಗಾಗಿ ಇಮ್ಮಡಿಯಾಗುತ್ತದೆ; ಅದಕ್ಕಿಂತ ಸಣ್ಣದರಲ್ಲಿ ನಿಮಿಷಗಳಲ್ಲಿ. ಅಳತೆಯು ಸೂಕ್ಷ್ಮವಾದಷ್ಟೂ ಗಳಿಕೆಯು ಕಿರಿದಾಗುತ್ತ ಹೋಗುತ್ತದೆ. ಒಂದು ರೊಟ್ಟಿ, ಅರ್ಧ ರೊಟ್ಟಿ, ಕಾಲು ರೊಟ್ಟಿ, ಅರೆಕಾಲು ರೊಟ್ಟಿ ಎಂದು ಎಷ್ಟು ಸಲ ಬಡಿಸಿದರೂ ಎಲೆಯಲ್ಲಿ ಎರಡು ರೊಟ್ಟಿ ತುಂಬಲಾರದಷ್ಟೆ. ವಾಯುಮಂಡಲಕ್ಕೆ ಆ ಎಲ್ಲೆಯು ಸುಮಾರು ಎರಡು ವಾರ. ಕರ್ನಾಟಕದಲ್ಲಿ ಗ್ರಾಮಪಂಚಾಯಿತಿಗೊಂದರಂತೆ ಮಳೆಮಾಪಕಗಳನ್ನು ಇಟ್ಟುದಾಗಿದೆ. ನಾಳೆಯ ಮಳೆಗೂ ನಾಡಿದ್ದಿನ ಮಳೆಗೂ ಅದರಿಂದ ಬಹಳ ಉಪಯೋಗವುಂಟು. ಆದರೆ ಗೇಣಿಗೊಂದು ಮಾಪಕವಿಟ್ಟರೂ ಮುಂದಿನ ಯುಗಾದಿಯ ದಿನದ ಮಳೆಯು ಅದರಲ್ಲಿ ಕಾಣುವುದಿಲ್ಲ.

ಗ್ರಹಗಳ ಗಣಿತವೂ ಎಲ್ಲೆಯಿಲ್ಲದುದಲ್ಲವೆಂಬುದು ಬಳಿಕ ತಿಳಿದುಬಂದಿತು. ಫ್ರಾನ್ಸಿನ ಜಾಕ್ ಲಾಸ್ಕರರು ೧೯೮೯ರಲ್ಲಿ ತೋರಿಸಿದಂತೆ, ಭೂಮಿಯ ಈಗಿನ ಸ್ಥಾನವನ್ನು ಅಳೆಯುವಲ್ಲಿ ಹದಿನೈದು ಮೀಟರುಗಳಷ್ಟು ತಪ್ಪಿದರೆ, ಹತ್ತು ಕೋಟಿ ವರುಷಗಳ ಮೇಲೆ ಭೂಮಿಯು ತನ್ನ ಕಕ್ಷೆಯಲ್ಲಿ ಎಲ್ಲಿರುವುದೆಂದು ಹೇಳಲಾಗದು. ಅಂತೂ ಗ್ರಹಣಕ್ಕೂ ಮಳೆಗೂ ಇರುವ ಅಂತರವು ನಿಯಮಕ್ಕೂ ಅನಿಯಮಕ್ಕೂ ಇರುವ ಅಂತರವಲ್ಲ. ಹತ್ತು ಕೋಟಿ ವರುಷಕ್ಕೂ ಹದಿನೈದು ದಿನಕ್ಕೂ ಇರುವ ಅಂತರ.

ಇಷ್ಟನ್ನು ಕೇಳಿ, ಈ ಮಹಾಶಯರು ಹವೆ ಹೇಳುವವರ ಬಾಯಿ ಮುಚ್ಚಿಸಿದರಲ್ಲವೆ ಎಂದು ಕೆಲವರು ಭಾವಿಸಬಹುದು. ನಡೆದುದು ಅದಕ್ಕೆ ವಿರುದ್ಧ. ಎಲ್ಲೆಯು ತಿಳಿದ ಬಳಿಕವೇ ಎಲ್ಲೆಯೊಳಗಣ ಬೇಸಾಯವು ಹಸನಾಯಿತು. ಇಂದಿನ ಸ್ಥಿತಿಯನ್ನು ನಿಖರವಾಗಿ ಅರಿಯಲಾಗದಷ್ಟೆ. ಹಾಗಿದ್ದ ಮೇಲೆ ಒಂದೇ ಆರಂಭದಿಂದ ಲೆಕ್ಕಹಾಕುವುದೇಕೆ? ಅಳತೆಯ ತಪ್ಪಿನೊಳಗೆ ಅಡಗಬಹುದಾದ ಸ್ವಲ್ಪಸ್ವಲ್ಪ ಬೇರೆಯಾದ ಐವತ್ತು ಆರಂಭಗಳನ್ನು ಇಟ್ಟುಕೊಂಡು ಐವತ್ತು ಸಲ ಲೆಕ್ಕಹಾಕೋಣವೆಂಬ ಕ್ರಮವು ಹುಟ್ಟಿತು. ಜಾತ್ರೆಗೆಂದು ಒಂದೇ ಊರಿನಿಂದ ಐವತ್ತು ಬಂಡಿಗಳು ಹೊರಟಂತೆ ಇದು. ಮೊದಲು ಎಲ್ಲವೂ ಒಂದೇ ಜಾಡಿನಲ್ಲಿ ಸಾಗುವುವು. ಕವಲುದಾರಿ ಬಂದಲ್ಲಿ ಚದರುವುವು. ಐದನೆಯ ದಿನಕ್ಕೂ ಐವತ್ತು ಬಂಡಿಗಳು ಕೂಡಿಯೇ ಇದ್ದರೆ ಮುನ್ಸೂಚನೆಯನ್ನು ಧೈರ್ಯವಾಗಿ ಹೇಳಬಹುದು. ಮೂರನೆಯ ದಿನಕ್ಕೇ ಚದರಿಹೋದರೆ, ಈ ಸಲ ನಿಶ್ಚಯವಿಲ್ಲವೆಂದು ಹೇಳುವುದು ಧರ್ಮ. ಐವತ್ತರಲ್ಲಿ ಮೂವತ್ತು ಮಳೆಯ ಕಡೆಗೆ ಹೋದರೆ ಮಳೆಯ ಸಂಭವವು ನೂರಕ್ಕೆ ಅರವತ್ತು ಎನ್ನಬಹುದು. ಅಮೇರಿಕದಲ್ಲಿಯೂ ಯುರೋಪಿನಲ್ಲಿಯೂ ಈ ಕ್ರಮವು ೧೯೯೨ರ ಡಿಸೆಂಬರಿನಿಂದ ದಿನಬಳಕೆಗೆ ಬಂದಿತು. ಭಾರತದ ಹವಾಮಾನ ಇಲಾಖೆಯೂ ಇದನ್ನು ಅಳವಡಿಸಿಕೊಂಡಿದೆ. ಉಪಗ್ರಹಗಳೂ ಗಣಕಗಳೂ ಬೆಳೆದುದರಿಂದ, ಹತ್ತು ವರುಷಕ್ಕೆ ಒಂದು ದಿನದಂತೆ ಮುನ್ಸೂಚನೆಯು ಮುಂದುವರಿಯುತ್ತ ಬಂದಿದೆ.

ಇದು ಬರಿಯ ವಿದ್ವಾಂಸರ ವಿನೋದವಲ್ಲ. ೧೯೯೯ರ ಅಕ್ಟೋಬರ್ ೨೯ರಂದು ಒಡಿಶಾ ತೀರಕ್ಕೆ ಬಡಿದ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಮಡಿದರು. ೨೦೧೩ರ ಅಕ್ಟೋಬರ್ ೧೨ರಂದು ಅದೇ ತೀರಕ್ಕೆ ಫೈಲಿನ್ ಎಂಬ ಘೋರ ಚಂಡಮಾರುತವು ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮುಂಚಿತವಾಗಿಯೇ ತೆರವು ಮಾಡಿಸಿದ್ದರಿಂದ ಸತ್ತವರ ಸಂಖ್ಯೆಯು ಕೆಲವು ಹತ್ತುಗಳಲ್ಲಿ ನಿಂತಿತು. ಆಶ್ರಯಮಂದಿರಗಳೂ, ಅಧಿಕಾರಿಗಳ ಸಿದ್ಧತೆಯೂ, ಊರವರ ವಿವೇಕವೂ ಅದಕ್ಕೆ ಕಾರಣಗಳು. ಅವೆಲ್ಲವೂ ಕೆಲಸಕ್ಕೆ ಬರಬೇಕಾದರೆ, ಗಾಳಿಯು ಇಂತಿಷ್ಟು ಅಗಲದ ತೀರದಲ್ಲಿ ಎಲ್ಲಿಯಾದರೂ ಬಡಿಯಬಹುದೆಂದು ತನ್ನ ಅನಿಶ್ಚಯವನ್ನೂ ಸೇರಿಸಿ ಹೇಳುವ ಮುನ್ಸೂಚನೆಯು ಮೊದಲು ಬೇಕು. ಒಂದೇ ಊರನ್ನು ತೋರಿಸಿ ಅಲ್ಲಿಗೇ ಬರುವುದೆಂದು ಹೇಳಿದ್ದರೆ ಪಕ್ಕದ ಊರಿನವರು ಮನೆಯಲ್ಲಿಯೇ ಉಳಿಯುತ್ತಿದ್ದರು.

ಮುಂಗಾರಿನ ವಿಷಯಕ್ಕೆ ಬಂದರೆ, ಎರಡು ವಾರಗಳಾಚೆ ಏನನ್ನೂ ಹೇಳಬಾರದೆಂದೂ ಅಲ್ಲ. ಇಂತಹ ದಿನ ಇಂತಹ ಊರಿನಲ್ಲಿ ಮಳೆಯೆಂದು ಹೇಳಲಾಗದೆ ಹೋದರೂ, ಈ ವರುಷದ ಮುಂಗಾರು ಒಟ್ಟಿನಲ್ಲಿ ಹೆಚ್ಚೋ ಕಡಮೆಯೋ ಎಂಬುದಕ್ಕೆ ಬೇರೆ ಆಧಾರವಿದೆ. ಚಾರ್ನಿಯವರೂ ಅವರ ಶಿಷ್ಯರಾದ ಭಾರತೀಯ ವಿಜ್ಞಾನಿ ಜಗದೀಶ ಶುಕ್ಲರೂ ೧೯೮೧ರಲ್ಲಿ ವಾದಿಸಿದಂತೆ, ಉಷ್ಣವಲಯದ ಋತುಮಾನವು ಬಹುಮಟ್ಟಿಗೆ ಕಡಲಿನ ಮೇಲ್ಮೈಯ ಬಿಸಿಯಂತಹ ನಿಧಾನವಾಗಿ ಬದಲಾಗುವ ಸಂಗತಿಗಳನ್ನು ಅವಲಂಬಿಸಿದೆ. ಗಾಳಿಯು ಹದಿನೈದು ದಿನಗಳಲ್ಲಿ ತನ್ನ ಹಿಂದಿನದನ್ನು ಮರೆತರೂ ಕಡಲು ತಿಂಗಳುಗಟ್ಟಲೆ ಮರೆಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸುಲೋಚನಾ ಗಾಡ್ಗೀಳರು ಪಾವಗಡ, ಅನಂತಪುರ ಸೀಮೆಯ ಮಳೆಯಾಶ್ರಿತ ಕಡಲೆಕಾಯಿಯ ಬೆಳೆಗಾರರೊಡನೆ ಕಲೆತು, ಹಲವು ದಶಕಗಳ ಮಳೆಯ ದಾಖಲೆಯನ್ನು ಮುಂದಿಟ್ಟುಕೊಂಡು, ಯಾವ ಅವಧಿಯಲ್ಲಿ ಬಿತ್ತಿದರೆ ನಷ್ಟದ ಸಂಭವವು ಕಡಮೆಯೆಂದು ವಿಚಾರಿಸಿದರು. ಮಳೆಯು ಯಾವ ದಿನ ಬರುವುದೆಂಬ ಪ್ರಶ್ನೆಯನ್ನು ಬಿಟ್ಟು, ಬಾರದೆ ಹೋಗುವ ಸಂಭವವನ್ನು ಲೆಕ್ಕಕ್ಕೆ ತೆಗೆದುಕೊಂಡು ಬಿತ್ತುವುದು ಹೇಗೆಂಬ ಪ್ರಶ್ನೆಯನ್ನು ಹಿಡಿದುದು ಇದರಲ್ಲಿ ಗಮನಿಸತಕ್ಕ ಅಂಶ. ನಮ್ಮ ಹಿರಿಯರು ಒಂದೇ ಹೊಲದಲ್ಲಿ ಅಕ್ಕಡಿ ಹಾಕಿ ನಾಲ್ಕು ಬಗೆಯ ಕಾಳುಗಳನ್ನು ಬಿತ್ತುತ್ತಿದ್ದುದರ ಮರ್ಮವೂ ಇದಕ್ಕೆ ಹತ್ತಿರದ್ದೇ.

ಲೊರೆಂಜರು ಸ್ವಭಾವತಃ ಮಿತಭಾಷಿಗಳು, ಸಂಕೋಚದವರು. ೧೯೮೩ರಲ್ಲಿ ಕಡಲಶಾಸ್ತ್ರಜ್ಞ ಹೆನ್ರಿ ಸ್ಟಾಮೆಲರೊಡನೆ ಸ್ವೀಡನ್ ದೇಶದ ಕ್ರಾಫೂರ್ಡ್ ಪಾರಿತೋಷಕವೂ, ೧೯೯೧ರಲ್ಲಿ ಜಪಾನಿನ ಕ್ಯೋಟೋ ಪಾರಿತೋಷಕವೂ ಅವರಿಗೆ ಸಂದುವು. ಕೀರ್ತಿಯು ಬಂದ ಮೇಲೆಯೂ ಅವರಿಗೆ ಪ್ರಿಯವಾಗಿದ್ದುದು ಬೆಟ್ಟಗಳಲ್ಲಿ ನಡೆಯುವುದು, ಹಿಮದ ಮೇಲೆ ಜಾರುಹಲಗೆ ಕಟ್ಟಿ ಸಾಗುವುದು, ತಮ್ಮ ಕೋಣೆಯಲ್ಲಿ ಕುಳಿತು ಲೆಕ್ಕಹಾಕುವುದು. ೨೦೦೮ರ ಏಪ್ರಿಲ್ ೧೬ರಂದು ಕೇಂಬ್ರಿಜ್ ನಗರದ ತಮ್ಮ ಮನೆಯಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ, ಅರ್ಬುದರೋಗದಿಂದ ಕಾಲವಾದರು. ಅದಕ್ಕೆ ಎರಡೂವರೆ ವಾರಗಳ ಮುಂಚೆ ಅವರು ಬೆಟ್ಟದ ದಾರಿಯಲ್ಲಿ ನಡೆದುಬಂದಿದ್ದರೆಂದೂ, ಒಂದು ವಾರದ ಮುಂಚೆ ಸಹೋದ್ಯೋಗಿಯೊಬ್ಬರೊಡನೆ ಬರೆಯುತ್ತಿದ್ದ ಲೇಖನವನ್ನು ಮುಗಿಸಿದ್ದರೆಂದೂ ಅವರ ಮಗಳು ತಿಳಿಸಿದರು.